ಟ್ರೆಂಟ್‌ನ ಸೆಳವಿನಲ್ಲಿ ಫೀಡರ್ ನಿಲ್ಲುತ್ತಲೇ ಇಲ್ಲ, ಬಾರ್ಬೆಲ್ ಹಿಡಿಯುವವರು ಸ್ವಲ್ಪ ಹೇಳಿ

ಒದ್ದೆಬೂಟು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ. ಮೂರು ವರ್ಷ ಕೊಳಗಳಲ್ಲಿ ಕಾರ್ಪ್ ಹಿಡಿದುಕೊಂಡು ಆರಾಮಾಗಿದ್ದೆ. ಈ ವರ್ಷ ಜೂನ್ 16ಕ್ಕೆ ನದಿ ಸೀಸನ್ ಶುರುವಾದಾಗ ಯಾರೋ ತಲೆಗೆ ಹುಳ ಬಿಟ್ಟರು, ಟ್ರೆಂಟ್ ನದಿಯಲ್ಲಿ ಬಾರ್ಬೆಲ್ ಮೀನು ಹಿಡಿದು ನೋಡು, ಆಮೇಲೆ ಕೊಳದ ಕಡೆ ತಿರುಗಿಯೂ ನೋಡಲ್ಲ ಅಂತ. ಈಗ ಅಕ್ಟೋಬರ್. ನನಗೆ ಕೊಳವೂ ಬೇಡವಾಗಿದೆ, ನದಿಯೂ ಒಲಿಯುತ್ತಿಲ್ಲ.

ನಾನು ಕೂರುವುದು ನಾಟಿಂಗ್‌ಹ್ಯಾಮ್‌ಗೂ ನ್ಯೂಆರ್ಕ್‌ಗೂ ನಡುವೆ ಒಂದು ಕಡೆ. ಅಲ್ಲಿ ನದಿ ಅಗಲ, ಸೆಳವು ಜೋರು. ನಡುನೀರಿಗೆ ಎಸೆಯುತ್ತೇನೆ. 3 ಔನ್ಸ್ ಫೀಡರ್ (ತೀನಿ ತುಂಬಿ ದಾರಕ್ಕೆ ಕಟ್ಟುವ ತೂಕದ ಸಣ್ಣ ಬುಟ್ಟಿ) ತಳ ಮುಟ್ಟಿದ್ದು ಟಪ್ ಅಂತ ಕೈಗೆ ಗೊತ್ತಾಗುತ್ತದೆ. ರಾಡ್ ಸ್ಟ್ಯಾಂಡಿಗೆ ಇಟ್ಟು, ದಾರ ಬಿಗಿ ಮಾಡಿ, ಫ್ಲಾಸ್ಕಿನ ಮುಚ್ಚಳ ತೆಗೆಯುವಷ್ಟರಲ್ಲಿ ರಾಡಿನ ತುದಿ, ಅಂದರೆ ಟಿಪ್, ಬಿಲ್ಲಿನ ಹಾಗೆ ಬಾಗಿರುತ್ತದೆ, ಫೀಡರ್ ಗುಡುಗುಡು ಅಂತ ಉರುಳಿಕೊಂಡು ನಾನು ಕೂತ ದಂಡೆಗೇ ಬಂದು ಕಲ್ಲಿಗೆ ಸಿಕ್ಕಿಕೊಂಡಿರುತ್ತದೆ. 4 ಔನ್ಸ್ ಹಾಕಿದೆ. 5 ಹಾಕಿದೆ. 6 ಔನ್ಸ್ ಎಸೆದಾಗ ರಾಡ್ ಮುರಿಯುತ್ತೇನೋ ಅನ್ನಿಸಿತು, ಅದೂ ಎರಡು ನಿಮಿಷ ನಿಂತು ಉರುಳಿತು.

ಇನ್ನೊಂದು ತಲೆನೋವು. ಅಪರೂಪಕ್ಕೆ ಫೀಡರ್ ನಿಂತಾಗ ಟಿಪ್ ಟಕಟಕ ಅನ್ನುತ್ತದೆ. ಎಳೆದರೆ ಏನೂ ಇಲ್ಲ. ಎರೆಯಾಗಿ ಹಾಕಿದ 8 ಮಿಲಿಮೀಟರ್ ಪೆಲೆಟ್ (ಮೀನಿನ ತೀನಿಯ ಗುಳಿಗೆ) ಒಂದೋ ಮಾಯ, ಇಲ್ಲಾ ಒಂದು ಕಡೆ ಕೆರೆದ ಹಾಗೆ ಆಗಿರುತ್ತದೆ. ಚಬ್ ಮೀನು ಇರಬೇಕು ಅಂದುಕೊಂಡಿದ್ದೇನೆ.

ಸಾಮಾನು: 12 ಅಡಿ ರಾಡ್, 1.75 ಪೌಂಡ್ ಟೆಸ್ಟ್ ಕರ್ವ್ (ರಾಡ್ ಬಾಗಿಸಲು ಬೇಕಾದ ಭಾರ). 12 ಪೌಂಡ್ ಮಾನೋ ದಾರ. ಹುಕ್‌ಲೆಂಗ್ತ್, ಅಂದರೆ ಫೀಡರ್‌ನಿಂದ ಕೊಕ್ಕೆವರೆಗಿನ ದಾರ, ಸುಮಾರು ನಾಲ್ಕು ಅಡಿ, 10 ಪೌಂಡ್. ಹೇರ್ ರಿಗ್‌ನಲ್ಲಿ (ಕೊಕ್ಕೆಗೆ ಚುಚ್ಚದೆ ಅದರಿಂದ ಇಳಿಬಿಟ್ಟ ಸಣ್ಣ ಎಳೆಯಲ್ಲಿ) ಪೆಲೆಟ್, 10ನೇ ನಂಬರ್ ಕೊಕ್ಕೆ.

ಇಡೀ ಸೀಸನ್‌ಗೆ ಸಿಕ್ಕಿದ್ದು ಒಂದೇ ಒಂದು ಬಾರ್ಬೆಲ್, ಆಗಸ್ಟ್‌ನಲ್ಲಿ. ಖುಷಿಯಲ್ಲಿ ಎರಡು ಮೂರು ಫೋಟೋ ತೆಗೆದು ನೀರಿಗೆ ಬಿಟ್ಟೆ. ಬಿಟ್ಟ ತಕ್ಷಣ ಹೊಟ್ಟೆ ಮೇಲಾಗಿ ಮಗುಚಿಕೊಂಡಿತು. ಗಾಬರಿಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಹಿಡಿದುಕೊಂಡೆ, ಸ್ವಲ್ಪ ಹೊತ್ತಿಗೆ ಕೈಯಿಂದ ಜಾರಿ ಹೋಯಿತು. ಬದುಕಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅದೂ ಮನಸ್ಸಲ್ಲಿ ಕೊರೆಯುತ್ತಿದೆ.

ನಾನು ಎಲ್ಲಿ ತಪ್ಪುತ್ತಿದ್ದೇನೆ?

ಹಳೇರೀಲು:

ತಪ್ಪು ತೂಕದಲ್ಲಿಲ್ಲ, "ದಾರ ಬಿಗಿ ಮಾಡಿ" ಅಂದಿರಲ್ಲ, ಅಲ್ಲಿದೆ. ಕೊಳದ ಅಭ್ಯಾಸ ಅದು. ನಾನೂ ಎರಡು ಸೀಸನ್ ಹೀಗೇ ಒದ್ದಾಡಿದವನು.

ಬಟ್ಟೆ ಒಣಗಿಸುವ ಹಗ್ಗ ನೆನಪಿಸಿಕೊಳ್ಳಿ. ಹಗ್ಗವನ್ನು ಗಟ್ಟಿಯಾಗಿ ಎಳೆದು ಕಟ್ಟಿ ಮಧ್ಯಕ್ಕೆ ಒಂದು ಒದ್ದೆ ಪಂಚೆ ಹಾಕಿದರೆ ಎರಡೂ ಕಡೆಯ ಮೊಳೆ ಕಿತ್ತು ಬರುತ್ತದೆ. ಅದೇ ಹಗ್ಗ ಸ್ವಲ್ಪ ಜೋತಾಡುವ ಹಾಗಿದ್ದರೆ ನಾಲ್ಕು ಪಂಚೆ ಹಾಕಿದರೂ ಮೊಳೆಗೆ ಏನೂ ಆಗಲ್ಲ. ನಿಮ್ಮ ದಾರ ಆ ಹಗ್ಗ, ಅದನ್ನು ಉದ್ದಕ್ಕೂ ತಳ್ಳುವ ಸೆಳವು ಒದ್ದೆ ಪಂಚೆ, ಫೀಡರ್ ಮೊಳೆ. ಅದಕ್ಕೇ 6 ಔನ್ಸೂ ಕಿತ್ತು ಬಂತು. ನೀರಿನ ವೇಗ ಎರಡರಷ್ಟಾದರೆ ದಾರದ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಆ ಲೆಕ್ಕದಲ್ಲಿ ತೂಕ ಹೆಚ್ಚಿಸುತ್ತಾ ಹೋದರೆ ಕೊನೆಗೆ ಇಟ್ಟಿಗೆ ಕಟ್ಟಿ ಎಸೆಯಬೇಕಾಗುತ್ತದೆ.

ಹೀಗೆ ಮಾಡಿ. ಎದುರಿಗೆ ಅಥವಾ ಎದುರಿಗಿಂತ ಸ್ವಲ್ಪ ಮೇಲ್ಗಡೆಗೆ, ಅಂದರೆ ನೀರು ಬರುವ ಕಡೆಗೆ, ಎಸೆಯಿರಿ. ಫೀಡರ್ ತಳ ಮುಟ್ಟಿದ್ದು ಗೊತ್ತಾದ ಮೇಲೆ ರೀಲಿನ ಬೇಲ್ (ದಾರ ತಡೆಯುವ ತಂತಿ ಕಮಾನು) ಮುಚ್ಚಬೇಡಿ, ನಾಲ್ಕೈದು ಮೀಟರ್ ದಾರ ಸುಮ್ನೆ ಬಿಡಿ. ಅದನ್ನು ನೀರೇ ಕೆಳಗಡೆಗೆ ಒಯ್ದು ಒಂದು ದೊಡ್ಡ ಬಾಗು ಮಾಡುತ್ತದೆ. ಬಿಲ್ಲಿನ ಥರ. ಆಮೇಲೆ ಬೇಲ್ ಮುಚ್ಚಿ ರಾಡನ್ನು ಆದಷ್ಟು ಎತ್ತರಕ್ಕೆ, ಟಿಪ್ ಆಕಾಶ ನೋಡುವ ಹಾಗೆ ಇಡಿ. ನೀರಲ್ಲಿರುವ ದಾರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಈ ತಿಂಗಳು ಎಲೆ ಬೀಳುವ ಕಾಲ ಬೇರೆ. ದಾರಕ್ಕೆ ಎಲೆ ಸಿಕ್ಕಿಕೊಂಡರೆ ಯಾವ ತೂಕವೂ ನಿಲ್ಲಲ್ಲ.

ಈಗ ತೂಕದ ಮಾತು. ಬಾಗು ಸರಿಯಾಗಿ ಕೂತರೆ ನಿಮಗೆ 3 ಔನ್ಸ್ ಜಾಸ್ತಿಯೇ ಆಗಬಹುದು. ಫೀಡರ್ ಕಲ್ಲಿನ ಹಾಗೆ ಕೂರಬಾರದು. ಇನ್ನೇನು ಕದಲುತ್ತದೆ ಅನ್ನುವ ಅಂಚಿನಲ್ಲಿ ನಿಂತಿರಬೇಕು. ನಾನು ಪರೀಕ್ಷೆ ಮಾಡುವುದು ಹೀಗೆ: ಹ್ಯಾಂಡಲ್ ಒಂದೆರಡು ಸುತ್ತು ತಿರುಗಿಸುತ್ತೇನೆ. ಅಷ್ಟಕ್ಕೆ ಫೀಡರ್ ಕದಲಿ ಒಂದು ಅಡಿ ಸರಿದು ಮತ್ತೆ ಕೂತರೆ ತೂಕ ಸರಿ. ಕದಲದಿದ್ದರೆ ಜಾಸ್ತಿ. ಕದಲಿದ ಮೇಲೆ ಕೂರದಿದ್ದರೆ ಕಡಿಮೆ. ಹಾಗೆ ಅಂಚಿನಲ್ಲಿ ನಿಂತ ಫೀಡರನ್ನು ಮೀನು ಒಂಚೂರು ಎಳೆದರೂ ಅದು ಕಿತ್ತುಬರುತ್ತದೆ, ಬಾಗು ಸಡಿಲವಾಗುತ್ತದೆ, ನಿಮ್ಮ ಟಿಪ್ ಧಡಕ್ಕನೆ ಹಿಂದಕ್ಕೆ ನೆಟ್ಟಗಾಗುತ್ತದೆ. ಇದಕ್ಕೆ ಡ್ರಾಪ್ ಬ್ಯಾಕ್ ಅನ್ನುತ್ತಾರೆ. ಮೊದಲ ಸಲ ನೋಡಿದವರು ದಾರ ತುಂಡಾಯಿತು ಅಂದುಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಕೊಕ್ಕೆ ತಾನೇ ಚುಚ್ಚಿಕೊಂಡಿರುತ್ತದೆ. ಬೇಗ ಬೇಗ ರೀಲ್ ಸುತ್ತಿ ಮೀನಿನ ಭಾರ ಕೈಗೆ ಸಿಗುವವರೆಗೆ ಹೋಗಿ, ಅಷ್ಟೇ. ಎಳೆದಾಡುವುದು ಬೇಡ.

ಫೀಡರ್ ಆಕಾರವೂ ನೋಡಿ. ಉರುಟು ಫೀಡರ್ ಉರುಳುತ್ತದೆ, ಅದರ ಹಣೆಬರಹ ಅದು. ತಳ ಚಪ್ಪಟೆ ಇರುವುದು, ಅಡಿಗೆ ಸಣ್ಣ ಸಣ್ಣ ಉಬ್ಬು ಇರುವುದು ತೆಗೆದುಕೊಳ್ಳಿ. ಇನ್ನೊಂದು, ಹತ್ತು ನಿಮಿಷ ನಿಂತು ಆಮೇಲೆ ಉರುಳಿದರೆ ಅದು ದೋಷ ಅಲ್ಲ. ಒಳಗಿದ್ದ ತೀನಿ ತೊಳೆದು ಖಾಲಿಯಾಗಿದೆ, ತೂಕ ಇಳಿದಿದೆ. ವಾಪಸ್ ತೆಗೆದು ತುಂಬಿ ಎಸೆಯಿರಿ ಅನ್ನುವ ಗಡಿಯಾರ ಅದು.

ದಂಡೆಬಿಡದವ:

ಮೇಲಿನವರು ಹೇಳಿದ್ದೆಲ್ಲ ನಿಜ. ಆದರೆ ನಡುನೀರಿಗೆ ಯಾಕೆ ಎಸೆಯಬೇಕು ಮಾರಾಯರೇ?

ಈ ದಂಡೆಯಲ್ಲಿ ಕೂತವರು ಆ ದಂಡೆಗೆ ಎಸೆಯುತ್ತಾರೆ, ಆ ದಂಡೆಯವರು ಈ ದಂಡೆಗೆ. ಮೀನು ಇಬ್ಬರ ಕಾಲ ಬುಡದಲ್ಲಿ ಇರುತ್ತದೆ.

ಮಳೆ ಬಂದು ನೀರು ಒಂದು ಮೀಟರ್ ಏರಿ ಚಹಾ ಬಣ್ಣಕ್ಕೆ ತಿರುಗಿದಾಗ ಬಾರ್ಬೆಲ್‌ಗೆ ಏನು ಹುಚ್ಚು, ನಡುವಿನ ಸೆಳವಿನಲ್ಲಿ ನಿಂತು ಈಜುತ್ತಾ ಇರಲಿಕ್ಕೆ? ಅದು ದಂಡೆಯ ಕಡೆ ಸರಿಯುತ್ತದೆ. ಓಡುವ ನೀರೂ ನಿಧಾನದ ನೀರೂ ಸೇರುವ ಕಡೆ ಮೇಲ್ಮೈಯಲ್ಲಿ ಒಂದು ಗೆರೆ ಕಾಣುತ್ತದೆ, ಒಂದು ಕಡೆ ಸುಕ್ಕುಸುಕ್ಕು, ಇನ್ನೊಂದು ಕಡೆ ನಯ. ಆ ಗೆರೆಯ ಒಳಬದಿಗೆ ಹಾಕಿ. ಮನುಷ್ಯ ನಡೆಯುವ ವೇಗದಲ್ಲಿ ಹೋಗುವ ನೀರು ಸಿಕ್ಕರೆ ಸಾಕು. ಸುಳಿ ತಿರುಗುವ ಕಡೆ ಮಾತ್ರ ಬೇಡ, ಅಲ್ಲಿ ಕಸ ಸೇರುತ್ತದೆ, ನಿಮ್ಮ ಎರೆಯೂ ಗಿರಗಿರ ತಿರುಗುತ್ತದೆ. ನಾನು ಹಿಡಿದ ದೊಡ್ಡ ಬಾರ್ಬೆಲ್‌ಗಳೆಲ್ಲ ಎರಡು ರಾಡ್ ಉದ್ದದ ಒಳಗೇ ಸಿಕ್ಕಿದ್ದು, ಅದೂ ಇನ್ನೇನು ಕತ್ತಲಾಗುತ್ತದೆ ಅನ್ನುವಾಗ. 2 ಔನ್ಸ್ ಸಾಕಾಗುತ್ತದೆ.

ಮತ್ತೆ ಗದ್ದಲ ಮಾಡಬೇಡಿ. ಕಾಲ ಬುಡದ ಮೀನಿಗೆ ನಿಮ್ಮ ಬೂಟಿನ ಸದ್ದು ಕೇಳುತ್ತದೆ.

ಚಬ್ಬೇಶ್ವರ:

ಎಲ್ಲರೂ ಬಾರ್ಬೆಲ್ ಬಾರ್ಬೆಲ್ ಅಂತ ಸಾಯುತ್ತೀರಿ, ಚಬ್ ಅಂದರೆ ತಾತ್ಸಾರ. ನನಗೆ ಉಲ್ಟಾ. ಒದ್ದೆಬೂಟು ಅವರೇ, ನಿಮ್ಮ ಟಕಟಕ ನೂರಕ್ಕೆ ತೊಂಬತ್ತು ಚಬ್ಬೇ.

ಬಾರ್ಬೆಲ್ ಬಾಯಿ ಕೆಳಮುಖ, ಎರಡು ಜೊತೆ ಮೀಸೆಯಿಂದ ತಳ ಸವರಿ ಎರೆಯನ್ನು ಹೀರಿ ಹೊರಟುಬಿಡುತ್ತದೆ, ಆಗ ರಾಡೇ ಸ್ಟ್ಯಾಂಡಿನಿಂದ ಹಾರುತ್ತದೆ. ಚಬ್ ಹಾಗಲ್ಲ. ಬಿಳಿ ತುಟಿ, ದೊಡ್ಡ ಬಾಯಿ, ಆದರೆ ಮಹಾ ಅನುಮಾನದ ಪ್ರಾಣಿ. ಪೆಲೆಟ್‌ನ ಅಂಚನ್ನು ತುಟಿಯಲ್ಲಿ ಕಚ್ಚಿ ಎಳೆದು ನೋಡುತ್ತದೆ. ಸಂತೆಯಲ್ಲಿ ಅಜ್ಜಿಯರು ಬೆಂಡೆಕಾಯಿ ತುದಿ ಮುರಿದು ನೋಡುತ್ತಾರಲ್ಲ, ಹಾಗೆ. ನಿಮ್ಮ ಹುಕ್‌ಲೆಂಗ್ತ್ ನಾಲ್ಕು ಅಡಿ, ಜೊತೆಗೆ ಹೇರ್ ಉದ್ದ. ಅದು ಪರೀಕ್ಷೆ ಮಾಡಿ ಉಗಿಯುವವರೆಗೂ ಫೀಡರ್‌ನ ಭಾರ ಅದಕ್ಕೆ ತಗಲುವುದೇ ಇಲ್ಲ. ನೀವು ಎಳೆಯುವ ಹೊತ್ತಿಗೆ ಕೊಕ್ಕೆ ಬಾಯಿಂದ ಹೊರಗೆ.

ಹುಕ್‌ಲೆಂಗ್ತ್ ಒಂದು ಅಡಿಗೆ ಇಳಿಸಿ. ಪೆಲೆಟ್ ಕೊಕ್ಕೆಯ ಬೆನ್ನಿಗೆ ಅಂಟಿದ ಹಾಗಿರಲಿ, ಹೇರ್ ಗಿಡ್ಡ ಮಾಡಿ ಇಲ್ಲಾ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ. 8 ಮಿಲಿಮೀಟರ್ ಬದಲು 6 ಹಾಕಿ, ಕೊಕ್ಕೆ 12. ಟಕಟಕ ಅಂದಾಗ ಕೈ ಕಟ್ಟಿಕೊಂಡು ಕೂರಿ. ಇದು ಕಷ್ಟ, ನನಗೂ ಕಷ್ಟ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಟಿಪ್ ಬಾಗಿ ಹಾಗೇ ನಿಂತರೆ ಅಥವಾ ಹಿಂದಕ್ಕೆ ಬಿದ್ದರೆ ಮಾತ್ರ ರಾಡ್ ಎತ್ತಿ.

ಡಿಸೆಂಬರ್ ಬರಲಿ, ಆಗ ನನ್ನ ಮಾತು ನೆನಪಾಗುತ್ತದೆ. ನೀರು 5 ಡಿಗ್ರಿಗೆ ಇಳಿದು ಬಾರ್ಬೆಲ್ ಬಾಯಿ ಮುಚ್ಚಿಕೊಂಡು ಮಲಗಿದಾಗಲೂ ಚಬ್ ತಿನ್ನುತ್ತದೆ. ಫೀಡರ್‌ನಲ್ಲಿ ಬ್ರೆಡ್ ಪುಡಿ, ಕೊಕ್ಕೆಗೆ ಬ್ರೆಡ್ಡಿನ ಮೆತ್ತನೆ ಚೂರು ಇಲ್ಲಾ ಚೀಸ್ ಪೇಸ್ಟ್, ದಂಡೆಯ ಬಾಗಿದ ಮರದ ಕೆಳಗೆ ಹಾಕಿ. ಒಂದು ಎಚ್ಚರಿಕೆ: ಚಬ್ ಬಾಯಲ್ಲಿ ಹಲ್ಲಿಲ್ಲ ಅಂತ ಗಂಟಲಿಗೆ ಬೆರಳು ಹಾಕಬೇಡಿ. ಗಂಟಲೊಳಗೆ ಇದೆ, ಅರೆಯುವ ಹಲ್ಲು. ಕೊಕ್ಕೆ ತೆಗೆಯಲು ಫೋರ್ಸೆಪ್ಸ್ ಬಳಸಿ.

ಹಳೇರೀಲು:

ಚಬ್ಬೇಶ್ವರರೇ, ಗಿಡ್ಡ ಹುಕ್‌ಲೆಂಗ್ತ್ ಚಬ್‌ಗೆ ಸರಿ, ಒಪ್ಪಿದೆ. ಬಾರ್ಬೆಲ್‌ಗೆ ನೀರು ತಿಳಿಯಾಗಿದ್ದಾಗ ಮೂರು ನಾಲ್ಕು ಅಡಿ ಬೇಕೇ ಬೇಕು. ಮೀನು ದಾರವನ್ನೂ ಫೀಡರನ್ನೂ ನೋಡಿ ಹಿಂಜರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಸಣ್ಣ ಉಪನದಿಯಲ್ಲಿ, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು. ಚಬ್ ಕಾಟ ತಪ್ಪಿಸಬೇಕು ಅಂದರೆ ಎರೆ ದೊಡ್ಡದು ಮಾಡಿ, 14 ಮಿಲಿಮೀಟರ್ ಹ್ಯಾಲಿಬಟ್ ಪೆಲೆಟ್ ಹಾಕಿ.

ಚಬ್ಬೇಶ್ವರ:

14 ಮಿಲಿಮೀಟರ್ ಪೆಲೆಟ್ ನುಂಗಲಾರದ ಚಬ್ ಟ್ರೆಂಟ್‌ನಲ್ಲಿ ಇದ್ದರೆ ತೋರಿಸಿ. ನೀರು ಕಲಕಿದಾಗ ಒಂದೂವರೆ ಅಡಿ ಎರಡಕ್ಕೂ ಸಾಕು. ಅಕ್ಟೋಬರ್‌ನಲ್ಲಿ ಯಾವ ತಿಳಿನೀರು ಸ್ವಾಮಿ.

ಹೊಸಗಾಳ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಕಷ್ಟಪಟ್ಟು ಹಿಡಿದು ವಾಪಸ್ ಬಿಡುತ್ತೀರಾ? ತಿನ್ನುವುದೇ ಇಲ್ವಾ?

ನೀರಕ್ಕ:

ಹೊಸಗಾಳ, ಬಿಡಲೇಬೇಕು. ಇಂಗ್ಲೆಂಡಿನ ನದಿಗಳಲ್ಲಿ ಬಾರ್ಬೆಲ್, ಚಬ್ ಥರದ್ದಾದರೆ ಎಲ್ಲ ಸೇರಿ ದಿನಕ್ಕೆ 15 ಸಣ್ಣ ಮೀನು, ಅದೂ 20 ಸೆಂಟಿಮೀಟರ್ ಒಳಗಿನದು ಮಾತ್ರ ಇಟ್ಟುಕೊಳ್ಳಬಹುದು, ಅದಕ್ಕೂ ಆ ಜಾಗದ ಮಾಲೀಕರ ಅನುಮತಿ ಬೇಕು. ನಾವು ಮಾತಾಡುತ್ತಿರುವ ಗಾತ್ರದ ಬಾರ್ಬೆಲ್, ಚಬ್ ಯಾವುದೂ ಅದರೊಳಗೆ ಬರಲ್ಲ. ಚಬ್ ಬರೀ ಮುಳ್ಳು, ಬಾರ್ಬೆಲ್ ಮೊಟ್ಟೆ ವಿಷ. ಆಸೆ ಬಿಡಿ.

ಒದ್ದೆಬೂಟು, ಫೀಡರ್ ವಿಷಯ ಗಂಡಸರೆಲ್ಲ ಸೇರಿ ಹೇಳಿದ್ದಾರೆ. ನಿಮ್ಮ ಕೊನೆಯ ಪ್ಯಾರಾ ಓದಿ ನನಗೆ ಬರೆಯಬೇಕು ಅನ್ನಿಸಿತು.

ಬಾರ್ಬೆಲ್ ಸೋಲುವ ಮೀನಲ್ಲ, ಮೈಯಲ್ಲಿರುವ ಕೊನೆ ಹನಿ ಶಕ್ತಿಯವರೆಗೂ ಜಗ್ಗುತ್ತದೆ. ದಡಕ್ಕೆ ಬಂದಾಗ ಮ್ಯಾರಥಾನ್ ಓಡಿ ಬಿದ್ದವರ ಸ್ಥಿತಿ ಅದರದು. ಆಗಲೇ ಎತ್ತಿ ಫೋಟೋ ತೆಗೆದರೆ ಮಗುಚಿಕೊಳ್ಳದೆ ಇನ್ನೇನು? ಅದರಲ್ಲೂ ಆಗಸ್ಟ್‌ನಲ್ಲಿ ನೀರು ಬೆಚ್ಚಗಿರುತ್ತದೆ, ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ. ನೀರು 20 ಡಿಗ್ರಿ ದಾಟಿದರೆ ನಾನು ಬಾರ್ಬೆಲ್‌ಗೆ ಹೋಗುವುದೇ ಇಲ್ಲ.

ಮೀನು ಬಲೆಗೆ ಬಂದ ಮೇಲೆ ಬಲೆಯನ್ನು ನೀರಲ್ಲೇ ಬಿಟ್ಟು ಐದು ನಿಮಿಷ ಕಾಯಿರಿ. ಕೊಕ್ಕೆ ಅಲ್ಲೇ ತೆಗೆಯಿರಿ. ಕ್ಯಾಮೆರಾ, ಮೀನು ಮಲಗಿಸುವ ಮ್ಯಾಟ್, ತಕ್ಕಡಿ ಎಲ್ಲ ಮೊದಲೇ ಸಿದ್ಧ ಇರಲಿ, ಮ್ಯಾಟ್ ಒದ್ದೆ ಮಾಡಿ. ಆಮೇಲೆ ಎತ್ತಿ, ಒಂದು ಫೋಟೋ, ವಾಪಸ್ ನೀರಿಗೆ. ಬಿಡುವಾಗ ತಲೆ ಮೇಲ್ಗಡೆಗೆ ಇರಲಿ, ಅಂದರೆ ಹರಿವು ಬಾಯಿಂದ ಒಳಗೆ ಹೋಗಿ ಕಿವಿರಿನಿಂದ ಹೊರಗೆ ಬರಬೇಕು. ನೆಟ್ಟಗೆ ಹಿಡಿದುಕೊಂಡಿರಿ, ಹಿಂದೆ ಮುಂದೆ ಅಲ್ಲಾಡಿಸಬೇಡಿ. ಎಷ್ಟು ಹೊತ್ತು ಅಂತ ಕೇಳಬೇಡಿ, ಅದು ಹೊರಡುತ್ತೇನೆ ಅನ್ನುವವರೆಗೆ. ಬಾಲ ಬೀಸಿ ನಿಮ್ಮ ಕೈ ಒದರಿ ಹೋಗಬೇಕು, ಜಾರಿ ಹೋಗುವುದಲ್ಲ. ಬಾರ್ಬೆಲ್‌ನ ಬೆನ್ನಿನ ಮೊದಲ ಮುಳ್ಳು ಗರಗಸದ ಹಾಗೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಲೇಪದ ಬಲೆ ತೆಗೆದುಕೊಳ್ಳಿ. ಕೀಪ್‌ನೆಟ್‌ನಲ್ಲಿ (ಹಿಡಿದ ಮೀನನ್ನು ನೀರಲ್ಲೇ ಕೂಡಿಡುವ ಬಲೆ) ಇಡಲೇಬೇಡಿ.

ಇನ್ನು ಕಲ್ಲಿಗೆ ಸಿಕ್ಕುವ ಫೀಡರ್. ನಿಮ್ಮ ಫೀಡರ್ ದಾರದ ಮೇಲೆ ಸಲೀಸಾಗಿ ಜಾರಬೇಕು. ಗಂಟು ಹಾಕಿ ಕೂರಿಸಿದ್ದರೆ, ದಾರ ತುಂಡಾದಾಗ ಮೀನು 4 ಔನ್ಸ್ ಸೀಸ ಎಳೆದುಕೊಂಡೇ ಬದುಕಬೇಕು. ಫೀಡರನ್ನು 5 ಪೌಂಡ್ ತೆಳು ದಾರದ ತುಂಡಿನಿಂದ ಕಟ್ಟಿ. ಕಲ್ಲಿಗೆ ಸಿಕ್ಕಿದರೆ ಫೀಡರ್ ಹೋಗುತ್ತದೆ, ಮೀನು ನಿಮ್ಮ ಕಡೆ ಇರುತ್ತದೆ. 5 ಪೌಂಡ್ ತುಂಡಿನಿಂದ 4 ಔನ್ಸ್ ಬೀಸಿ ಎಸೆಯಬೇಡಿ, ಎಸೆತದಲ್ಲೇ ತುಂಡಾಗಿ ಯಾರದಾದರೂ ತಲೆಗೆ ಬೀಳುತ್ತದೆ. ದಂಡೆಬಿಡದವರು ಹೇಳಿದ ಹಾಗೆ 2 ಔನ್ಸ್ ಕೈಬೀಸಿ ಹತ್ತಿರ ಹಾಕುವುದಾದರೆ ಸರಿ.

ಕೊನೆಗೆ ನೀವು ಮೊಣಕಾಲುದ್ದ ಇಳಿದ ವಿಷಯ. ಸ್ವಲ್ಪ ಬೈಯುತ್ತೇನೆ. ಟ್ರೆಂಟ್ ದಂಡೆಯಲ್ಲಿ ಹಾಕಿರುವ ಕಲ್ಲು ಪಾಚಿ ಕಟ್ಟಿ ಸೋಪಿನ ಹಾಗಿರುತ್ತದೆ, ಒಂದು ಹೆಜ್ಜೆ ಆಚೆ ಆಳ ಎರಡಾಳು ಇರಬಹುದು. ನ್ಯೂಆರ್ಕ್‌ನಿಂದ ಕೆಳಗೆ ಕ್ರಾಮ್‌ವೆಲ್ ವಿಯರ್ (ನದಿಗೆ ಅಡ್ಡ ಕಟ್ಟಿದ ಒಡ್ಡು) ಹತ್ತಿರ ಒಂದು ಸ್ಮಾರಕ ಇದೆ. 1975ರ ಸೆಪ್ಟೆಂಬರ್‌ನಲ್ಲಿ ರಾತ್ರಿ ತರಬೇತಿಯ ದೋಣಿ ಆ ವಿಯರ್ ಮೇಲಿಂದ ಹೋಗಿ ಹತ್ತು ಸೈನಿಕರು ಮುಳುಗಿದರು. ಪ್ಯಾರಾಶೂಟ್ ಪಡೆಯ ಗಟ್ಟಿ ಆಳುಗಳು. ಅದನ್ನು ಓದಿದ ದಿನದಿಂದ ಸೊಂಟಕ್ಕೆ ಕಟ್ಟುವ ಲೈಫ್ ಜಾಕೆಟ್ ಇಲ್ಲದೆ ನಾನು ದಂಡೆಗೆ ಇಳಿದಿಲ್ಲ. ಬಲೆಯ ಹಿಡಿ ಉದ್ದದ್ದು ಕೊಳ್ಳಿ, ನೀರಿಗೆ ಇಳಿಯುವ ಕೆಲಸವೇ ಬರಲ್ಲ.

ಆ ವಿಯರ್‌ನಿಂದ ಕೆಳಗೆ ನದಿ ಸಮುದ್ರದ ಉಬ್ಬರವಿಳಿತಕ್ಕೆ ಸೇರಿದ್ದು, ಅದೂ ಗೊತ್ತಿರಲಿ. ಅಲ್ಲಿ ನೀರು ನೋಡನೋಡುತ್ತ ಏರುತ್ತದೆ. ಒಣನೆಲ ಅಂತ ಬ್ಯಾಗ್ ಇಟ್ಟ ಜಾಗ ಊಟ ಮುಗಿಸುವಷ್ಟರಲ್ಲಿ ನದಿಯೊಳಗೆ.

ದಂಡೆಬಿಡದವ:

ಬ್ಯಾಗ್ ನನ್ನದೇ. ಅಕ್ಕ ಇನ್ನೂ ಮರೆತಿಲ್ಲ.

ಒದ್ದೆಬೂಟು:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿದ್ದೆ, ಬಂದು ಬರೆಯುತ್ತಿದ್ದೇನೆ.

ಬೆಳಗ್ಗೆ ಎನ್ವಿರಾನ್‌ಮೆಂಟ್ ಏಜೆನ್ಸಿಯವರ ನೀರಿನ ಮಟ್ಟದ ಪುಟ ನೋಡಿದೆ, ಮಾಮೂಲಿಗಿಂತ ಮುಕ್ಕಾಲು ಮೀಟರ್ ಮೇಲಿತ್ತು, ಆದರೆ ಇಳಿಯುತ್ತಿತ್ತು. ಮೊದಲು ಹಠಕ್ಕೆ ನಡುನೀರಿಗೇ ಹಾಕಿದೆ. 3 ಔನ್ಸ್, ಐದು ಮೀಟರ್ ದಾರ ಬಿಟ್ಟೆ, ರಾಡ್ ನೆಟ್ಟಗೆ ಮೇಲಕ್ಕೆ. ನಿಂತಿತು! ಹತ್ತು ನಿಮಿಷ ನಿಂತಿತು. ಹೋದ ವಾರ 6 ಔನ್ಸ್ ಉರುಳಿದ ಜಾಗವದು. ಸುಮ್ನೆ ಕೂತು ಅದನ್ನೇ ನೋಡಿದೆ, ಮೀನು ಬರದಿದ್ದರೂ ಪರವಾಗಿಲ್ಲ ಅನ್ನಿಸಿತು.

ಮಧ್ಯಾಹ್ನ ಜಾಗ ಬದಲಿಸಿ ದಂಡೆಯ ಗೆರೆ ಹುಡುಕಿದೆ. ಒಂದು ವಿಲೋ ಮರದ ಕೆಳಗಡೆ ಸಿಕ್ಕಿತು, ದಡದಿಂದ ಒಂದೂವರೆ ರಾಡ್ ದೂರ. ಮೊದಲು ಕೊಕ್ಕೆ ಇಲ್ಲದೆ ಎಂಟು ಫೀಡರ್ ಹೆಂಪ್ ಕಾಳು, ಸಣ್ಣ ಪೆಲೆಟ್ ಇಳಿಸಿದೆ. ಆಮೇಲೆ 2 ಔನ್ಸ್, ಒಂದೂವರೆ ಅಡಿ ಹುಕ್‌ಲೆಂಗ್ತ್. ಜಗಳ ಬೇಡ ಅಂತ ಇಬ್ಬರ ಮಾತಿನ ನಡುವೆ. ಟಕಟಕ ಶುರುವಾಯಿತು, ಕೈ ತೊಡೆಯ ಕೆಳಗೆ ಇಟ್ಟೆ. ನಿಜವಾಗಿಯೂ ಇಟ್ಟೆ. ನಾಲ್ಕನೇ ಸಲ ಟಿಪ್ ಹಿಂದಕ್ಕೆ ಬಿತ್ತು, ನಾನು ದಾರ ತುಂಡಾಯಿತು ಅಂತಲೇ ಅಂದುಕೊಂಡು ಬೇಜಾರಲ್ಲಿ ಸುತ್ತುತ್ತಿದ್ದೆ, ಅರ್ಧ ದಾರಿಯಲ್ಲಿ ಆ ಕಡೆಯಿಂದ ಯಾರೋ ಕೈ ಹಿಡಿದು ಎಳೆದ ಹಾಗೆ ಆಯಿತು. ಚಬ್. 3 ಪೌಂಡ್ 10 ಔನ್ಸ್. ತುಟಿ ಸುಣ್ಣ ಬಳಿದ ಹಾಗೆ ಬಿಳಿ.

ಆರು ಗಂಟೆ ಹೊತ್ತಿಗೆ, ಸಾಮಾನು ಕಟ್ಟೋಣ ಅಂತ ಎದ್ದಾಗ, ರೀಲ್ ಕೂಗಿಕೊಂಡಿತು. ಟಿಪ್ ಹಿಂದಕ್ಕೂ ಬೀಳಲಿಲ್ಲ, ಟಕಟಕವೂ ಇಲ್ಲ, ರಾಡ್ ಒಂದೇ ಸಲ ನದಿ ಕಡೆ ಬಾಗಿತು. ಅದು ತಳ ಬಿಟ್ಟು ಮೇಲೇಳಲೇ ಇಲ್ಲ, ಸೆಳವಿಗೆ ಅಡ್ಡ ನಿಂತು ತಲೆ ಒದರುವುದು ರಾಡಿನ ಹಿಡಿಯವರೆಗೂ ಗೊತ್ತಾಗುತ್ತಿತ್ತು. ಬಲೆಗೆ ಬಂದ ಮೇಲೆ ನೀರಲ್ಲೇ ಬಿಟ್ಟು ಕಾದೆ. ಟಾರ್ಚ್ ಬೆಳಕಿಗೆ ಮೈ ಹಿತ್ತಾಳೆ ಬಣ್ಣ, ಕೆಳಗಿನ ರೆಕ್ಕೆಗಳು ಕಿತ್ತಳೆ. ತೂಗಲಿಲ್ಲ, ಫೋಟೋನೂ ಇಲ್ಲ, ಎರಡೂ ಕೈ ಮೀನಿನ ಮೇಲಿತ್ತು. ಬಲೆಯೊಳಗೇ ತಲೆ ಮೇಲ್ಗಡೆ ಮಾಡಿ ಹಿಡಿದುಕೊಂಡಿದ್ದೆ, ದಂಡೆಯ ಮೇಲೆ ಹೊಟ್ಟೆ ಊರಿ ಮಲಗಿ, ಬೂಟು ಒಣಗಿಯೇ ಇತ್ತು ಅಕ್ಕ. ಹತ್ತು ಹನ್ನೆರಡು ನಿಮಿಷ ಆಗಿರಬೇಕು. ಆಮೇಲೆ ಒಂದು ಬಾಲ ಬೀಸು, ಮುಖವೆಲ್ಲ ನೀರು.

ದಂಡೆಬಿಡದವ:

ಭಲೇ. ಆ ವಿಲೋ ಮರ ಎಲ್ಲಿ ಅಂತ ಇಲ್ಲಿ ಮಾತ್ರ ಬರೆಯಬೇಡಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.